ನಿಮಗಿದು ಗೊತ್ತೇ? ಸೀಮಂತ ಮುಂದೂಡಿ ಪದಕ ಗೆದ್ದ ಹಾರಿಕಾ!

ತುಂಬು ಗರ್ಭಿಣಿಯೊಬ್ಬರು ಚೆಸ್ ಒಲಿಂಪಿಯಾಡ್ ಆಡಿ ದೇಶಕ್ಕೆ ಪದಕ ತಂದದ್ದು ನಿಮಗೆ ಗೊತ್ತೇ? ಕಟ್ಟುಕಥೆಯಲ್ಲ, 2022ರ ಆಗಸ್ಟ್‌ನಲ್ಲಿ ನಡೆದದ್ದು. ದೂರದ ದೇಶದಲ್ಲೂ ಅಲ್ಲ, ಇಲ್ಲೇ ಚೆನ್ನೈ ಪಕ್ಕದ ಮಾಮಲ್ಲಪುರದಲ್ಲಿ. ಆಡಿದವರು ಹೈದರಾಬಾದಿನ ಗ್ರ್ಯಾಂಡ್‌ಮಾಸ್ಟರ್ ದ್ರೋಣವಲ್ಲಿ ಹಾರಿಕಾ. ಆಗ ಅವರಿಗೆ ಒಂಬತ್ತು ತಿಂಗಳು!

ಸೀಮಂತ ಬೇಡ, ಪಾರ್ಟಿ ಬೇಡ, ಯಾವ ಸಂಭ್ರಮವೂ ಬೇಡ, ಏನಿದ್ದರೂ ಪದಕ ಬಂದ ಮೇಲೆ ಎಂದು ಅವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರಂತೆ. ಕೂಟ ಮುಗಿದ ಮೇಲೆ ಅವರೇ ಇದನ್ನು ಹೇಳಿಕೊಂಡರು. ನಮ್ಮ ಮನೆಗಳಲ್ಲಿ ಸೀಮಂತ ಮುಂದೂಡುವುದೆಂದರೆ ಸಾಮಾನ್ಯವೇ? ಅಜ್ಜಿಯಂದಿರು ಬಿಡುತ್ತಾರೆಯೇ?

ಚೆಸ್ ಎಂದರೆ ಕುಳಿತು ಆಡುವ ಆಟ, ಅದರಲ್ಲೇನು ಆಯಾಸ ಅಂದಿರಾ? ಒಲಿಂಪಿಯಾಡ್‌ನ ಒಂದೊಂದು ಆಟ ನಾಲ್ಕೈದು ಗಂಟೆ ಎಳೆಯುತ್ತದೆ. ಒಟ್ಟು 11 ಸುತ್ತು, ನಡುವೆ ವಿಶ್ರಾಂತಿಗೆ ಒಂದೇ ದಿನ. ಬೆನ್ನು ನೆಟ್ಟಗಿಟ್ಟು, ಗಡಿಯಾರ ನೋಡುತ್ತಾ, ಎದುರಾಳಿಯ ಮುಖ ನೋಡುತ್ತಾ ಕೂರಬೇಕು. ಒಂಬತ್ತು ತಿಂಗಳ ಬಸುರಿಗೆ!

ತಂಡ ಕಂಚು ಗೆದ್ದಿತು. ಕಂಚು ತಾನೇ ಅನ್ನಬೇಡಿ. ಒಲಿಂಪಿಯಾಡ್‌ನ ಮಹಿಳಾ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊಟ್ಟಮೊದಲ ಪದಕ ಅದು! ಕೊನೇರು ಹಂಪಿ, ಹಾರಿಕಾ, ವೈಶಾಲಿ, ತಾನಿಯಾ ಸಚ್‌ದೇವ್, ಭಕ್ತಿ ಕುಲಕರ್ಣಿ ಆ ತಂಡದ ಐವರು. ಅದೇ ತಿಂಗಳು ಹಾರಿಕಾ ಹೆಣ್ಣುಮಗುವಿಗೆ ತಾಯಿಯಾದರು. ಪದಕ ಮೊದಲು, ಮಗಳು ಆಮೇಲೆ!

ಇನ್ನೂ ಒಂದು ಸೋಜಿಗ. ಆ ಒಲಿಂಪಿಯಾಡ್ ಚೆನ್ನೈಯಲ್ಲಿ ನಡೆಯಬೇಕಾದ್ದೇ ಅಲ್ಲ. ರಷ್ಯಾದಲ್ಲಿ ನಿಗದಿಯಾಗಿತ್ತು. ಉಕ್ರೇನ್ ಯುದ್ಧ ಶುರುವಾಯಿತು, ಕೂಟ ರಷ್ಯಾದ ಕೈತಪ್ಪಿ ನಮ್ಮ ಪಕ್ಕದೂರಿಗೆ ಬಂತು. ರಷ್ಯಾದಲ್ಲೇ ನಡೆದಿದ್ದರೆ? ತುಂಬು ಗರ್ಭಿಣಿ ಅಷ್ಟು ದೂರ ವಿಮಾನ ಹತ್ತುವುದಾದರೂ ಹೇಗೆ!

ಗರ್ಭಿಣಿಯಾಗಿ ದೊಡ್ಡ ಕೂಟ ಆಡಿದವರಲ್ಲಿ ಹಾರಿಕಾ ಮೊದಲಿಗರಲ್ಲ. ಚೀನಾದ ಶು ಯುಹುವಾ 2006ರಲ್ಲಿ ರಷ್ಯಾದ ಎಕಟೆರಿನ್‌ಬರ್ಗ್‌ನಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಆದರು. ಆಗ ಅವರೂ ಬಸುರಿ! ಅದೇ ಶು ಯುಹುವಾ ಅದಕ್ಕೂ ನಾಲ್ಕು ವರ್ಷ ಮೊದಲು ಮಹಿಳಾ ವಿಶ್ವಕಪ್ ಗೆದ್ದದ್ದು ಎಲ್ಲಿ ಗೊತ್ತೇ? ಹೈದರಾಬಾದ್‌ನಲ್ಲಿ!

ಹೌದು, 2002ರ ಅಕ್ಟೋಬರ್‌ನಲ್ಲಿ ಚೆಸ್‌ನ ವಿಶ್ವ ಸಂಸ್ಥೆ ಫಿಡೆಯ ವಿಶ್ವಕಪ್ ಹೈದರಾಬಾದಿಗೆ ಬಂದಿತ್ತು. ಪುರುಷರ ಕಪ್ ನಮ್ಮ ವಿಶ್ವನಾಥನ್ ಆನಂದ್ ಪಾಲಾಯಿತು. ಫೈನಲ್‌ನಲ್ಲಿ ಸೋತವರು ಉಜ್ಬೇಕಿಸ್ತಾನದ ರುಸ್ತಂ ಕಸಿಂಜಾನೊವ್. ಹೈದರಾಬಾದಿನಲ್ಲಿ ಎರಡನೆಯವರಾದ ಈ ಮನುಷ್ಯ 2004ರಲ್ಲಿ ಫಿಡೆ ವಿಶ್ವ ಚಾಂಪಿಯನ್ ಆಗಿಬಿಟ್ಟರು! ಆನಂದ್ ಗೆದ್ದಾಗ ಹಾರಿಕಾ 11 ವರ್ಷದ ಹುಡುಗಿ.

ಹುಟ್ಟೂರು ಹೈದರಾಬಾದ್ ಅಲ್ಲ, ಆಂಧ್ರದ ಗುಂಟೂರು. ಮೆಣಸಿನಕಾಯಿಗೆ ಹೆಸರಾದ ಊರು. 1991ರ ಜನವರಿ 12ರಂದು ಹುಟ್ಟಿದರು. ಅದೇ ಜನವರಿಯಲ್ಲಿ ಹಂಗೇರಿಯ ಸೂಸನ್ ಪೋಲ್ಗಾರ್‌ಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೂಸನ್‌ರ ತಂಗಿ ಜೂಡಿಟ್‌ಗೂ ಸಿಕ್ಕಿತು. ಹಾರಿಕಾ ಹುಟ್ಟಿದ ವರ್ಷ ಅಕ್ಕತಂಗಿಯರಿಬ್ಬರೂ ಗ್ರ್ಯಾಂಡ್‌ಮಾಸ್ಟರ್!

ಜೂಡಿಟ್‌ಗೆ ಆಗ 15 ವರ್ಷ. ಆ ಪಟ್ಟದೊಂದಿಗೆ ಅಮೆರಿಕದ ಬಾಬಿ ಫಿಷರ್‌ರ ಹಳೆಯ ದಾಖಲೆಯೂ ಪುಡಿಯಾಯಿತು. ಹೆಣ್ಣುಮಕ್ಕಳ ದಾಖಲೆಯಲ್ಲ, ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಎಂಬ, ಎಲ್ಲರಿಗೂ ಸೇರಿದ ದಾಖಲೆ!

ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಗುವುದು ಹೇಗೆ? 2500 ರೇಟಿಂಗ್ ದಾಟಬೇಕು. ಬೇರೆ ಬೇರೆ ದೇಶಗಳ ಬಲಿಷ್ಠ ಆಟಗಾರರ ನಡುವೆ ಆಡಿ ಮೂರು ನಾರ್ಮ್, ಅಂದರೆ ಆ ಮಟ್ಟದ ಸಾಧನೆ, ಗಳಿಸಬೇಕು. ಇಷ್ಟಾದರೆ ಪಟ್ಟ ಜೀವನಪರ್ಯಂತ ನಿಮ್ಮದೇ. ಆಮೇಲೆ ಎಷ್ಟು ಸೋತರೂ ಯಾರೂ ಕಿತ್ತುಕೊಳ್ಳುವಂತಿಲ್ಲ!

ಮಹಿಳೆಯರಿಗೆಂದೇ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಎಂಬ ಬೇರೊಂದು ಪಟ್ಟ ಇದೆ. ಅದಕ್ಕೆ 2300 ರೇಟಿಂಗ್ ಸಾಕು. ಹಾರಿಕಾ ಗೆದ್ದದ್ದು ಅದನ್ನಷ್ಟೇ ಅಲ್ಲ, ಆನಂದ್‌ಗೂ ಕಾರ್ಲ್‌ಸನ್‌ಗೂ ಇರುವ ಅದೇ ಪೂರ್ಣ ಪಟ್ಟವನ್ನು. ವರ್ಷ 2011. ಭಾರತದ ಮಹಿಳೆಯರಲ್ಲಿ ಅವರು ಎರಡನೆಯವರು.

ಫಿಡೆ 1950ರಲ್ಲಿ ಮೊದಲ ಸಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಹಂಚಿದಾಗ ಅದು ಸಿಕ್ಕಿದ್ದು 27 ಜನರಿಗೆ. ಅದರಲ್ಲಿ ಮಹಿಳೆಯರು ಎಷ್ಟು? ಸೊನ್ನೆ! ಮೊದಲ ಮಹಿಳೆ ಬರಲು 1978ರವರೆಗೆ ಕಾಯಬೇಕಾಯಿತು. ಅವರು ಜಾರ್ಜಿಯಾದ ನೋನಾ ಗಪ್ರಿಂದಾಶ್ವಿಲಿ. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಟ್ರೋಫಿಯ ರೂಪದಲ್ಲಿ ಬರುತ್ತದೆ!

ಪೂರ್ಣ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಗೆದ್ದ ಭಾರತದ ಮೊದಲ ಮಹಿಳೆ ಯಾರು? ಅವರೂ ಆಂಧ್ರದವರೇ, ಕೊನೇರು ಹಂಪಿ. 2002ರಲ್ಲಿ ಕೇವಲ 15 ವರ್ಷಕ್ಕೆ ಪಟ್ಟ ಗೆದ್ದು, ಮಹಿಳೆಯರಲ್ಲಿ ಜೂಡಿಟ್ ಪೋಲ್ಗಾರ್‌ರ ದಾಖಲೆಯನ್ನೇ ಮುರಿದರು. ಹೆಸರು ಕೇಳಿದೊಡನೆ ವಿರೂಪಾಕ್ಷನ ಗೋಪುರ ಕಣ್ಣಿಗೆ ಬಂತೇ? ತಪ್ಪು! ತಂದೆ ಚೆಸ್ ಆಟಗಾರ, ಚಾಂಪಿಯನ್ ಎಂಬ ಪದದಿಂದಲೇ ಮಗಳಿಗೆ ಹೆಸರು ಮಾಡಿದರು. ಇಂಗ್ಲಿಷ್ ಕಾಗುಣಿತವನ್ನು ಆಮೇಲೆ ರಷ್ಯನ್ ಹೆಸರಿನ ಹಾಗೆ ಕಾಣಲೆಂದು ಬದಲಿಸಿದರು!

ಹಂಪಿಗೂ ಹಾರಿಕಾಗೂ ನಡುವೆ 9 ವರ್ಷ. ಹಾರಿಕಾ ಆದ ಮೇಲೆ ಮೂರನೆಯವರು? ತಮಿಳುನಾಡಿನ ವೈಶಾಲಿ, 2023ರ ಕೊನೆಗೆ. ಅಂದರೆ ಹನ್ನೆರಡು ವರ್ಷ! ಅಷ್ಟೂ ವರ್ಷ ಇಡೀ ದೇಶದಲ್ಲಿ ಈ ಪಟ್ಟ ಇದ್ದದ್ದು ಇಬ್ಬರೇ ಮಹಿಳೆಯರಿಗೆ, ಇಬ್ಬರೂ ತೆಲುಗರು.

ಅಂದಹಾಗೆ ವೈಶಾಲಿಯ ತಮ್ಮನೇ ಪ್ರಜ್ಞಾನಂದ. ಅಕ್ಕ ತಮ್ಮ ಇಬ್ಬರೂ ಗ್ರ್ಯಾಂಡ್‌ಮಾಸ್ಟರ್ ಆದದ್ದು ಜಗತ್ತಿನಲ್ಲೇ ಅದು ಮೊದಲು!

ಹಾರಿಕಾ ಹುಟ್ಟಿದ ವರ್ಷ ಭಾರತದ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಎಣಿಸಲು ಎರಡು ಬೆರಳು ಸಾಕಿತ್ತು: ಆನಂದ್, ದಿವ್ಯೇಂದು ಬರುವಾ. 2025ರ ಜುಲೈಯಲ್ಲಿ ದಿವ್ಯಾ ದೇಶ್‌ಮುಖ್ 88ನೆಯವರಾದರು. ಬೆರಳು ಬಿಡಿ, ಚೆಸ್ ಹಲಗೆಯ 64 ಮನೆಗಳೂ ಸಾಲವು!

ನಮ್ಮ ಕರ್ನಾಟಕದ ಲೆಕ್ಕ ಕೇಳುತ್ತೀರಾ? ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಮೊದಲ ಗ್ರ್ಯಾಂಡ್‌ಮಾಸ್ಟರ್‌ಗಾಗಿ ನಾವು 2017ರವರೆಗೆ ಕಾಯಬೇಕಾಯಿತು. ಅವರು ಮೈಸೂರಿನ ಎಂ.ಎಸ್. ತೇಜಕುಮಾರ್, ರೈಲ್ವೆ ಉದ್ಯೋಗಿ.

ಆದರೆ ಹಳೆಯ ಲೆಕ್ಕ ತೆಗೆದರೆ ಮೈಸೂರೇ ಮುಂದು! ಮುಮ್ಮಡಿ ಕೃಷ್ಣರಾಜ ಒಡೆಯರ್ ಚದುರಂಗದ ಮಹಾ ಮೋಹಿ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಹಾದಿಗಳನ್ನು ಕೂತು ರಚಿಸುತ್ತಿದ್ದರು. ಅವನ್ನು ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದರು ಕೂಡ. ರಾಜರೇ ಕುದುರೆ ಓಡಿಸಿದ್ದು, ರೇಷ್ಮೆಯ ಮೇಲೆ! ನೀವೂ ಒಮ್ಮೆ ಹಲಗೆ ಹಾಕಿಕೊಂಡು ಪ್ರಯತ್ನಿಸಿ. ನಲವತ್ತು ಮನೆ ದಾಟುವಷ್ಟರಲ್ಲಿ ತಲೆ ಕೆರೆದುಕೊಳ್ಳುತ್ತೀರಿ.

ಮತ್ತೆ ಗುಂಟೂರಿಗೆ. ಇದೇ ಗುಂಟೂರಿನ ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಪೆಂಟಾಲ ಹರಿಕೃಷ್ಣ. ಅವರು 2004ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್. ಹಾರಿಕಾ 2008ರಲ್ಲಿ ಬಾಲಕಿಯರ ವಿಶ್ವ ಜೂನಿಯರ್ ಚಾಂಪಿಯನ್. ಒಂದೇ ಊರು, ನಾಲ್ಕೇ ವರ್ಷ, ಎರಡು ವಿಶ್ವ ಕಿರೀಟ!

ಹಾರಿಕಾ ಗೆದ್ದದ್ದು ಟರ್ಕಿಯ ಗಾಜಿಯಾಂಟೆಪ್ ನಗರದಲ್ಲಿ. ಅದೇ ಕೂಟದಲ್ಲಿ ಮುಕ್ತ ವಿಭಾಗ ಗೆದ್ದವರು ರಾಜಸ್ಥಾನದ ಅಭಿಜಿತ್ ಗುಪ್ತಾ. ಎರಡೂ ಕಪ್ ಒಂದೇ ವಿಮಾನದಲ್ಲಿ ಬಂದವೋ ಏನೋ, ಬಂದದ್ದಂತೂ ಒಂದೇ ದೇಶಕ್ಕೆ!

ಈ ಜೂನಿಯರ್ ಕಿರೀಟ ಸಣ್ಣದಲ್ಲ. ಸ್ಪಾಸ್ಕಿ, ಕಾರ್ಪೊವ್, ಕಾಸ್ಪರೊವ್, ಆನಂದ್ ಎಲ್ಲರೂ ಮುಕ್ತ ವಿಭಾಗದಲ್ಲಿ ಇದನ್ನು ಗೆದ್ದೇ ಮುಂದೆ ಹೋದವರು. ರೊಮೇನಿಯಾದ ಮೊದಲ ಗ್ರ್ಯಾಂಡ್‌ಮಾಸ್ಟರ್ ಫ್ಲೊರಿನ್ ಗೆಯೊರ್ಗಿಯು ಕೂಡ 1963ರಲ್ಲಿ ಗೆದ್ದಿದ್ದರು. ಮೂರು ವರ್ಷ ಕಳೆದು ಹವಾನಾ ಒಲಿಂಪಿಯಾಡ್‌ನಲ್ಲಿ ಅವರು ಬಾಬಿ ಫಿಷರ್‌ರನ್ನೇ ಮಣಿಸಿದರು. ಆ ಕೂಟದಲ್ಲಿ ಫಿಷರ್ ಸೋತದ್ದು ಅದೊಂದೇ ಆಟ!

ಹಾರಿಕಾ 18 ವರ್ಷದೊಳಗಿನ ಬಾಲಕಿಯರ ವಿಶ್ವ ಪ್ರಶಸ್ತಿ ಗೆದ್ದಾಗ ಅವರ ವಯಸ್ಸು ಎಷ್ಟು? ಹದಿನೈದು! ತಮಗಿಂತ ಎರಡು ಮೂರು ವರ್ಷ ದೊಡ್ಡವರನ್ನೆಲ್ಲ ಹಿಂದಿಕ್ಕಿ, 2006ರಲ್ಲಿ. ಅದಕ್ಕೂ ಎರಡು ವರ್ಷ ಹಿಂದೆ 14ರೊಳಗಿನವರ ವಿಶ್ವ ಪ್ರಶಸ್ತಿ ಕೂಡ ಅವರ ಕೈ ಸೇರಿತ್ತು.

ಅದೇ 2004ರಲ್ಲಿ ಭಾರತ ತಂಡಕ್ಕೂ ಆಯ್ಕೆ. ಸ್ಪೇನ್‌ನ ಕಾಲ್ವಿಯಾದಲ್ಲಿ ಒಲಿಂಪಿಯಾಡ್ ಆಡಿದಾಗ 13 ವರ್ಷ. ನಮ್ಮಲ್ಲಿ ಆ ವಯಸ್ಸಿನ ಹುಡುಗಿ ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಗೆ ಹೆದರುತ್ತಿರುತ್ತಾಳೆ. ಇವರು ದೇಶದ ಬಾವುಟ ಮುಂದಿಟ್ಟುಕೊಂಡು ಕೂತಿದ್ದರು!

ಗುರು ಯಾರು ಅಂತೀರಾ? ಎನ್.ವಿ.ಎಸ್. ರಾಮರಾಜು. ಹೈದರಾಬಾದಿನಲ್ಲಿ ಅಕಾಡೆಮಿ ನಡೆಸುವ ಇದೇ ರಾಮರಾಜು ಬಳಿ ವರಂಗಲ್‌ನ ಅರ್ಜುನ್ ಎರಿಗೈಸಿ ಕೂಡ ಪಳಗಿದವರು. ಆ ಅರ್ಜುನ್ 2024ರ ಡಿಸೆಂಬರ್ ಪಟ್ಟಿಯಲ್ಲಿ 2800 ರೇಟಿಂಗ್ ದಾಟಿದರು. ಭಾರತದಲ್ಲಿ ಆನಂದ್ ಬಿಟ್ಟರೆ ಅಲ್ಲಿಯವರೆಗೆ ಯಾರೂ ಏರದ ಎತ್ತರ ಅದು!

ಹೈದರಾಬಾದ್ ಅಂದರೆ ಬ್ಯಾಡ್ಮಿಂಟನ್ ಅಂದುಕೊಂಡವರು ಬಹಳ ಜನ. ಗೋಪಿಚಂದ್, ಸೈನಾ, ಸಿಂಧು ಹೆಸರು ಎಲ್ಲರ ಬಾಯಲ್ಲೂ ಇದೆ. ಅದೇ ಊರಿನಲ್ಲಿ ಇಷ್ಟು ಚೆಸ್ ಇದೆ ಎಂದರೆ ಬೀದರ್, ಕಲಬುರಗಿಯ ನಮ್ಮವರೇ ಹುಬ್ಬೇರಿಸುತ್ತಾರೆ. 1956ರವರೆಗೆ ಅವರಿಗೆ ಅದೇ ರಾಜಧಾನಿ!

ಈಗ ಹಾರಿಕಾ ಬದುಕಿನ ಅತಿ ವಿಚಿತ್ರ ಅಂಕಿ ಕೇಳಿ. ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಕಂಚು ಬಂದದ್ದು 2012ರಲ್ಲಿ. ಮತ್ತೆ 2015ರಲ್ಲಿ. ಮತ್ತೆ 2017ರಲ್ಲಿ. ಮೂರು ಸಲ ಸೆಮಿಫೈನಲ್, ಮೂರು ಸಲವೂ ಕಂಚು! ಒಮ್ಮೆಯಾದರೂ ಫೈನಲ್? ಊಹುಂ.

ಆಗ ಅದು 64 ಜನ ಶುರು ಮಾಡುತ್ತಿದ್ದ ನಾಕೌಟ್. ಸೋತರೆ ಗಂಟುಮೂಟೆ ಕಟ್ಟಿ ಮನೆಗೆ. ಅಂಥದ್ದರಲ್ಲಿ ಕೊನೆಯ ನಾಲ್ವರಲ್ಲಿ ಒಬ್ಬರಾಗುವುದು ಒಮ್ಮೆ ಅದೃಷ್ಟ ಇರಬಹುದು. ಐದು ವರ್ಷದಲ್ಲಿ ಮೂರು ಸಲ ಆದರೆ ಅದಕ್ಕೆ ಅದೃಷ್ಟ ಎನ್ನುವಂತಿಲ್ಲ, ನನ್ನ ಲೆಕ್ಕದಲ್ಲಿ ಅದು ಒಂದು ಚಿನ್ನಕ್ಕೇನೂ ಕಡಿಮೆಯಲ್ಲ.

ಅವರನ್ನು ಸೋಲಿಸಿದವರು ಯಾರು ನೋಡಿ. 2015ರಲ್ಲಿ ಸೋಚಿಯಲ್ಲಿ ಉಕ್ರೇನ್‌ನ ಮರಿಯಾ ಮುಜಿಚುಕ್. ಅವರೇ ಆ ವರ್ಷದ ವಿಶ್ವ ಚಾಂಪಿಯನ್! 2017ರಲ್ಲಿ ಟೆಹರಾನ್‌ನಲ್ಲಿ ಚೀನಾದ ತಾನ್ ಝೊಂಗ್ಯಿ. ಅವರೇ ಆ ವರ್ಷದ ವಿಶ್ವ ಚಾಂಪಿಯನ್! 2012ರಲ್ಲಿ ಖಾಂಟಿ ಮಾನ್ಸಿಸ್ಕ್‌ನಲ್ಲಿ ಅವರನ್ನು ಸೋಲಿಸಿದ ಬಲ್ಗೇರಿಯಾದ ಸ್ಟೆಫಾನೋವಾ ಅದಾಗಲೇ ಮಾಜಿ ವಿಶ್ವ ಚಾಂಪಿಯನ್. ಹಾರಿಕಾರನ್ನು ದಾಟಬೇಕಾದರೆ ಆ ಮಟ್ಟದವರೇ ಬೇಕಾಯಿತು!

ಟೆಹರಾನ್ ಕಥೆ ಉಸಿರು ಬಿಗಿಹಿಡಿಸುವಂಥದ್ದು. ಸೆಮಿಫೈನಲ್‌ನ ಮಾಮೂಲು ಆಟಗಳಲ್ಲಿ ಸಮ. ವೇಗದ ಆಟಗಳಲ್ಲೂ ಸಮ. ಇನ್ನೂ ವೇಗದ ಆಟಗಳಲ್ಲೂ ಸಮ! ಕೊನೆಗೆ ಆರ್ಮಗೆಡಾನ್ ಎಂಬ ಒಂದೇ ಒಂದು ಆಟಕ್ಕೆ ಎಲ್ಲವೂ ಬಂದು ನಿಂತಿತು.

ಆರ್ಮಗೆಡಾನ್‌ನ ನಿಯಮವೇ ಮಜಾ. ಬಿಳಿ ಕಾಯಿಯವರಿಗೆ 5 ನಿಮಿಷ, ಕಪ್ಪಿನವರಿಗೆ 4 ನಿಮಿಷ. ಸಮಯ ಕಡಿಮೆ ಸಿಕ್ಕಿತಲ್ಲ ಎಂದು ಕಪ್ಪಿನವರು ಅಳಬೇಕಿಲ್ಲ, ಆಟ ಡ್ರಾ ಆದರೆ ಗೆದ್ದಂತೆ ಕಪ್ಪೇ! ಡ್ರಾ ಆಗಿಯೂ ಒಬ್ಬರು ಗೆಲ್ಲುವ ಆಟ ಬೇರೆಲ್ಲಿ ಕಂಡಿದ್ದೀರಿ? ಎರಡು ವರ್ಷದ ತಯಾರಿ, ವಾರಗಟ್ಟಲೆ ಆಟ, ಕೊನೆಗೆ ಚಹಾ ಆರುವಷ್ಟರಲ್ಲಿ ತೀರ್ಪು. ಆ ತೀರ್ಪು ಹಾರಿಕಾ ಕಡೆ ಬರಲಿಲ್ಲ.

ಆ ಟೆಹರಾನ್ ಕೂಟಕ್ಕೆ ಇನ್ನೊಂದು ಗದ್ದಲ ಅಂಟಿಕೊಂಡಿತ್ತು. ಅಲ್ಲಿ ಆಡುವ ಮಹಿಳೆಯರೆಲ್ಲ ತಲೆಗೆ ಹಿಜಾಬ್ ಧರಿಸಲೇಬೇಕು. ಅಮೆರಿಕದ ಚಾಂಪಿಯನ್ ನಾಜಿ ಪೈಕಿಡ್ಜೆ ಆಗುವುದಿಲ್ಲ ಎಂದು ಕೂಟಕ್ಕೇ ಹೋಗಲಿಲ್ಲ. ಹೋದವರು ತಲೆಗೆ ಬಟ್ಟೆ ಹೊದ್ದೇ ಆಡಿದರು.

ಹಾರಿಕಾಗೆ ಇರಾನ್ ಹೊಸದಲ್ಲ ಬಿಡಿ. 2011ರಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್ ಆದದ್ದು ಅದೇ ದೇಶದ ಮಶಾದ್ ನಗರದಲ್ಲಿ. ಗ್ರ್ಯಾಂಡ್‌ಮಾಸ್ಟರ್ ಪಟ್ಟವೂ ಅದೇ ವರ್ಷ!

ಚೀನಾ ಅವರಿಗೆ ಒಲಿದ ನೆಲ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. 2016ರಲ್ಲಿ ಚೆಂಗ್ಡುವಿನಲ್ಲಿ ಫಿಡೆ ಮಹಿಳಾ ಗ್ರ್ಯಾಂಡ್ ಪ್ರಿ ಕೂಟಕ್ಕೆ ಅವರೇ ಚಾಂಪಿಯನ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಬೆಳ್ಳಿ. ಮಹಿಳಾ ಚೆಸ್‌ನ ದೊಡ್ಡಣ್ಣನ ಮನೆಗೇ ಹೋಗಿ ಮೂರು ಸಲ ಪದಕ, ಕಪ್ ತಂದಿದ್ದಾರೆ!

ಅರ್ಜುನ ಪ್ರಶಸ್ತಿ ಅವರಿಗೆ ಹದಿಹರೆಯದಲ್ಲೇ ಬಂತು. 2019ರಲ್ಲಿ ಪದ್ಮಶ್ರೀ.

ಮನೆಯಲ್ಲೇ ಕೂತು ಚಿನ್ನ ಗೆಲ್ಲಬಹುದೇ? ಗೆದ್ದಿದ್ದಾರೆ! 2020ರಲ್ಲಿ ಕೊರೊನಾ ಬಂತಲ್ಲ, ಒಲಿಂಪಿಯಾಡ್ ಮುಂದಕ್ಕೆ ಹೋಗಿ ಆನ್‌ಲೈನ್ ಒಲಿಂಪಿಯಾಡ್ ನಡೆಯಿತು. ಎಲ್ಲರೂ ಅವರವರ ಊರಿನಲ್ಲಿ, ಲ್ಯಾಪ್‌ಟಾಪ್ ಮುಂದೆ. ಭಾರತ ತಂಡದಲ್ಲಿ ಆನಂದ್, ಹರಿಕೃಷ್ಣ, ಹಂಪಿ, ಹಾರಿಕಾ ಎಲ್ಲರೂ ಇದ್ದರು. ಫೈನಲ್‌ನಲ್ಲಿ ಎದುರಾಳಿ ರಷ್ಯಾ.

ಫೈನಲ್ ನಡೆಯುತ್ತಿದ್ದಾಗ ಏನಾಯಿತು ಊಹಿಸಿ. ಇಂಟರ್‌ನೆಟ್ ಕೈಕೊಟ್ಟಿತು! ಜಗತ್ತಿನ ಅನೇಕ ಕಡೆ ಒಮ್ಮೆಗೇ ಜಾಲ ಬಿದ್ದುಹೋದ ದಿನ ಅದು. ನಿಹಾಲ್ ಸರೀನ್, ದಿವ್ಯಾ ದೇಶ್‌ಮುಖ್ ಇಬ್ಬರ ಸಂಪರ್ಕ ಕಡಿದು, ಗಡಿಯಾರ ಓಡಿ, ಆಟ ಸೋತಂತೆ ಆಯಿತು. ಭಾರತ ದೂರು ಕೊಟ್ಟಿತು. ಫಿಡೆ ಯೋಚಿಸಿ ಎರಡೂ ದೇಶಗಳಿಗೆ ಚಿನ್ನ ಹಂಚಿತು!

ಕಥೆ ಇಲ್ಲಿಗೆ ಮುಗಿಯಲಿಲ್ಲ. ಚಿನ್ನದ ಪದಕಗಳು ಕೊರಿಯರ್‌ನಲ್ಲಿ ಭಾರತಕ್ಕೆ ಬಂದದ್ದು ಮೂರು ತಿಂಗಳ ಮೇಲೆ. ಬಂದವು ಸೀದಾ ಕಸ್ಟಮ್ಸ್ ಕೈಗೆ! ತಂಡದ ಉಪನಾಯಕ ಶ್ರೀನಾಥ್ ನಾರಾಯಣನ್ 6,300 ರೂಪಾಯಿ ಸುಂಕ ಕಟ್ಟಿ ಅವನ್ನು ಬಿಡಿಸಿಕೊಂಡರು. ದೇಶಕ್ಕೆ ಗೆದ್ದ ಪದಕಕ್ಕೆ ದೇಶದಲ್ಲೇ ಸುಂಕ!

ಸುಂಕದ ಕಥೆಗೇ ನಕ್ಕಿರಾ? ಇದನ್ನು ಕೇಳಿ. ನೋನಾ ಗಪ್ರಿಂದಾಶ್ವಿಲಿ ಹೆಸರು ನೆನಪಿದೆ ತಾನೇ? ಒಲಿಂಪಿಯಾಡ್‌ನಲ್ಲಿ ಗಂಡಸರ, ಹೆಂಗಸರ ತಂಡಗಳ ಸಾಧನೆ ಕೂಡಿಸಿ ನೋಡಿ ಅವರ ಹೆಸರಿನ ಟ್ರೋಫಿ ಕೊಡುತ್ತಾರೆ. 2022ರಲ್ಲಿ ಅದನ್ನು ಗೆದ್ದದ್ದು ಭಾರತ. ಅದು ಗೆದ್ದವರ ಬಳಿ ಎರಡು ವರ್ಷ ಇದ್ದು ವಾಪಸ್ ಹೋಗಬೇಕಾದ ಟ್ರೋಫಿ. 2024ರಲ್ಲಿ ವಾಪಸ್ ಕೊಡೋಣವೆಂದು ಹುಡುಕಿದರೆ ಟ್ರೋಫಿಯೇ ನಾಪತ್ತೆ! ಅತ್ತ ಅದೇ ವರ್ಷ ಅದೇ ಟ್ರೋಫಿಯನ್ನು ಮತ್ತೆ ಗೆದ್ದವರು ಯಾರು? ಭಾರತವೇ!

ಆ 2024ರ ಒಲಿಂಪಿಯಾಡ್ ನಡೆದದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಹಂಪಿ ಆಡಲಿಲ್ಲ. ಮೊದಲ ಬೋರ್ಡ್ ಹಾರಿಕಾ ಹೆಗಲಿಗೆ ಬಂತು. ಮೊದಲ ಬೋರ್ಡ್ ಎಂದರೆ ಪ್ರತಿ ಸುತ್ತಿನಲ್ಲೂ ಎದುರಿಗೆ ಆ ದೇಶದ ಅತಿ ಬಲಿಷ್ಠ ಆಟಗಾರ್ತಿಯೇ! ಜೊತೆಗೆ ವೈಶಾಲಿ, ದಿವ್ಯಾ, ವಂತಿಕಾ ಅಗರವಾಲ್, ತಾನಿಯಾ. ದಿವ್ಯಾ, ವಂತಿಕಾ ಇಬ್ಬರೂ ತಮ್ಮ ತಮ್ಮ ಬೋರ್ಡ್‌ಗಳಲ್ಲಿ ವೈಯಕ್ತಿಕ ಚಿನ್ನವನ್ನೂ ಬಾಚಿದರು.

ಎಲ್ಲ ಸಲೀಸಾಗಿ ನಡೆದಿತ್ತು, 8ನೇ ಸುತ್ತಿನಲ್ಲಿ ಪೋಲೆಂಡ್ ಎಡವಿಸಿತು. 9ನೇ ಸುತ್ತಿನಲ್ಲಿ ಅಮೆರಿಕ ಜೊತೆ ಡ್ರಾ. ಮುಗೀತು ಅಂದುಕೊಂಡರು ಬಹಳ ಜನ. 10ನೇ ಸುತ್ತಿನಲ್ಲಿ ಚೀನಾವನ್ನೇ ಕೆಡವಿ, ಕೊನೆಯ ಸುತ್ತಿನಲ್ಲಿ ಅಜರ್‌ಬೈಜಾನ್‌ಗೆ 3.5–0.5ರ ಪೆಟ್ಟು! ಆ ಕೊನೆಯ ದಿನ ಮೊದಲ ಬೋರ್ಡ್‌ನಲ್ಲಿ ಹಾರಿಕಾ ಗೆದ್ದರು. ಚಿನ್ನ!

ಅದೇ ದಿನ, ಸೆಪ್ಟೆಂಬರ್ 22ರಂದು, ಪುರುಷರ ತಂಡಕ್ಕೂ ಚಿನ್ನ. ಗುಕೇಶ್, ಪ್ರಜ್ಞಾನಂದ, ವಿದಿತ್ ಗುಜರಾತಿ ಜೊತೆಗೆ ಯಾರಿದ್ದರು ಗೊತ್ತೇ? ವರಂಗಲ್‌ನ ಅರ್ಜುನ್, ಗುಂಟೂರಿನ ಹರಿಕೃಷ್ಣ! ಎರಡು ಚಿನ್ನದ ತಂಡಗಳಲ್ಲಿ ತೆಲುಗು ನಾಡಿನವರು ಮೂವರು. ಅರ್ಜುನ್ 11 ಆಟಗಳಲ್ಲಿ 10 ಅಂಕ ಬಾಚಿದ್ದರು.

ಹಾರಿಕಾ ತಂಡ ಎತ್ತಿ ಹಿಡಿದ ಕಪ್‌ನ ಹೆಸರು ವೆರಾ ಮೆನ್‌ಚಿಕ್ ಕಪ್. ಯಾರಿವರು? 1927ರಲ್ಲಿ ಜಗತ್ತಿನ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದವರು. 1944ರಲ್ಲಿ ಲಂಡನ್ ಮೇಲೆ ಜರ್ಮನರ ಬಾಂಬ್ ಬಿದ್ದು ತೀರಿಕೊಳ್ಳುವವರೆಗೂ ಅವರೇ ಚಾಂಪಿಯನ್!

ವೆರಾ ಗಂಡಸರ ಕೂಟಗಳಿಗೂ ನುಗ್ಗುತ್ತಿದ್ದರು. ಅವರ ಕೈಲಿ ಸೋತ ಗಂಡಸರಿಗೆಲ್ಲ ವೆರಾ ಮೆನ್‌ಚಿಕ್ ಕ್ಲಬ್ಬಿನ ಸದಸ್ಯರು ಎಂದು ಛೇಡಿಸುವುದು ಆಗಿನ ತಮಾಷೆ. ಆ ಸದಸ್ಯರಲ್ಲಿ ಒಬ್ಬರು ಹಾಲೆಂಡ್‌ನ ಮ್ಯಾಕ್ಸ್ ಯೂವೆ. 1935ರಲ್ಲಿ ವಿಶ್ವ ಚಾಂಪಿಯನ್ ಆದವರು!

2024ರ ಬುಡಾಪೆಸ್ಟ್ ಹಾರಿಕಾಗೆ ಎಷ್ಟನೇ ಒಲಿಂಪಿಯಾಡ್? ಹತ್ತನೆಯದು. ಮೊದಲನೆಯದಕ್ಕೂ ಚಿನ್ನಕ್ಕೂ ನಡುವೆ ಸರಿಯಾಗಿ 20 ವರ್ಷ! ಕ್ರಿಕೆಟ್‌ನಲ್ಲಿ ಇಷ್ಟರೊಳಗೆ ಆಡಿ, ನಿವೃತ್ತಿಯಾಗಿ, ಕಾಮೆಂಟರಿಗೆ ಕೂತು, ಅದೂ ಹಳತಾಗಿರುತ್ತಿತ್ತು.

2025ರ ಜುಲೈಗೆ ಬನ್ನಿ. ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್. ಹಾರಿಕಾ ಹದಿನೈದರ ಹುಡುಗಿಯಾಗಿ ಆ ವಿಶ್ವ ಯುವ ಪ್ರಶಸ್ತಿ ಗೆದ್ದದ್ದೂ ಇದೇ ಬಟುಮಿಯಲ್ಲಿ! ಕ್ವಾರ್ಟರ್‌ಫೈನಲ್‌ಗೆ ಉಳಿದ ಎಂಟು ಜನರಲ್ಲಿ ಭಾರತದವರು ನಾಲ್ವರು: ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ. ಬಲಾಢ್ಯ ಚೀನಾವೂ ಬೆರಗಾಗುವ ಲೆಕ್ಕ!

ಅಲ್ಲಿ ಹಾರಿಕಾಗೆ ಎದುರಾದದ್ದು ನಾಗಪುರದ ದಿವ್ಯಾ. ಬುಡಾಪೆಸ್ಟ್‌ನಲ್ಲಿ ಪಕ್ಕದಲ್ಲೇ ಕೂತು ಆಡಿದ ಹುಡುಗಿ! ಟೈಬ್ರೇಕರ್‌ನಲ್ಲಿ ದಿವ್ಯಾ ಗೆದ್ದರು. ಫೈನಲ್‌ನಲ್ಲಿ ಹಂಪಿಯನ್ನೂ ಸೋಲಿಸಿ ಕಪ್ ಎತ್ತಿದರು. ಅಂದರೆ 2015, 2017ರ ಹಾಗೆ ಇಲ್ಲೂ ಹಾರಿಕಾರನ್ನು ಸೋಲಿಸಿದವರಿಗೇ ಕಿರೀಟ!

ಕೂಟಕ್ಕೆ ಹೋದಾಗ ದಿವ್ಯಾ ಬಳಿ ಒಂದು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಕೂಡ ಇರಲಿಲ್ಲ. ಮೂರು ಬೇಕು ಅಂದೆನಲ್ಲ, ಒಂದೂ ಇಲ್ಲ! ಆದರೆ ವಿಶ್ವಕಪ್ ಗೆದ್ದವರಿಗೆ ನೇರವಾಗಿ ಪಟ್ಟ ಕೊಡುವ ನಿಯಮವಿದೆ. ಹೋಗುವಾಗ ಬರಿಗೈ, ಬರುವಾಗ ಗ್ರ್ಯಾಂಡ್‌ಮಾಸ್ಟರ್!

ಈ ದಿವ್ಯಾ ಹುಟ್ಟಿದ್ದು 2005ರ ಡಿಸೆಂಬರ್‌ನಲ್ಲಿ. ಹಾರಿಕಾ ಮೊದಲ ಒಲಿಂಪಿಯಾಡ್ ಆಡಿದ್ದು 2004ರ ಅಕ್ಟೋಬರ್‌ನಲ್ಲಿ. ತಾನು ಭಾರತಕ್ಕೆ ಆಡತೊಡಗಿದಾಗ ಇನ್ನೂ ಹುಟ್ಟೇ ಇರದ ಹುಡುಗಿಯ ಜೊತೆ ಒಂದೇ ತಂಡದಲ್ಲಿ ಚಿನ್ನ, ಮರುವರ್ಷ ಅವಳ ಎದುರಿಗೇ ಕ್ವಾರ್ಟರ್‌ಫೈನಲ್!